ಅವ್ವನ ದಡಿಯ ಐದನೆಯ ಸಾಲು

ಜಮಖಂಡಿ,
ಮಂಗಳವಾರ, ೨೦-೧-೧೯೭೬

ಪ್ರೀತಿಯ ಅಣ್ಣಾ,

ಪರೀಕ್ಷೆ ಮುಗಿಯುವವರೆಗೆ ಪತ್ರ ಬರೆಯುತ್ತ ಕೂಡಬೇಡ, ಓದು ಎಂದು ನೀನು ಹೇಳಿದ್ದು ನೆನಪಿದೆ. ಆದರೂ ಬರೆಯುತ್ತಿದ್ದೇನೆ, ಕ್ಷಮಿಸು. ನಾಲ್ಕು ದಿನದಿಂದ ಲಾಜಿಕ್ ಪುಸ್ತಕದ ಒಂದೇ ಪುಟ ತೆರೆದು ಕೂತಿದ್ದೇನೆ. ಇದನ್ನು ನಿನಗೆ ಹೇಳುವತನಕ ಆ ಪುಟ ಮಗುಚುವಂತೆ ಕಾಣುವುದಿಲ್ಲ.

ನಿನ್ನ ಕೆಮ್ಮು ಹೇಗಿದೆ? ಗಿರಣಿಯಲ್ಲಿ ಮೂಗಿಗೆ ಅರಿವೆ ಕಟ್ಟಿಕೊಳ್ಳುತ್ತೀಯೋ, ಇಲ್ಲ, ಹುಡುಗರು ನಗುತ್ತಾರೆಂದು ಬಿಟ್ಟಿದ್ದೀಯೋ? ಅಪ್ಪನ ದಮ್ಮು ಈ ಚಳಿಗೆ ಹೆಚ್ಚಾಗಿದೆ. ಮಗ್ಗದಲ್ಲಿ ಒಂದು ತಾಸು ಕೂತರೆ ಎರಡು ತಾಸು ಗೋಡೆಗೆ ಒರಗುತ್ತಾನೆ. ಅಪ್ಪನ ಒಡಹುಟ್ಟಿದವಳಾದರೂ ಅತ್ತಿ ಗಟ್ಟಿ ಇದ್ದಾಳೆ, ಅವಳ ಬಾಯಿ ಇನ್ನೂ ಗಟ್ಟಿ. ಸುಂದರಕ್ಕ ಮದುವೆ ಗೊತ್ತಾದಂದಿನಿಂದ ಮಾತು ಕಡಿಮೆ ಮಾಡಿದ್ದಾಳೆ. ನಾನು ಮೈಯಿಂದ ಆರಾಮ. ಈ ಪತ್ರ ಅಂಚೆಯಲ್ಲಿ ಬರುವುದಿಲ್ಲ. ಸೀರೆ ವ್ಯಾಪಾರದ ತೇರದಾಳದ ಆದಿನಾಥಣ್ಣ ನಾಳೆ ಸೋಲಾಪುರಕ್ಕೆ ಹೊರಟಿದ್ದಾರೆ, ಅವರ ಗಂಟಿನಲ್ಲಿ ಬರುತ್ತದೆ. ಯಾಕೆಂದು ಓದುತ್ತ ಹೋದಂತೆ ಗೊತ್ತಾಗುತ್ತದೆ.

ತಪ್ಪು ನಿನ್ನದೆಂದೇ ಶುರು ಮಾಡುತ್ತೇನೆ, ಸಿಟ್ಟಾದರೆ ಆಗು. ಮನೆಯಲ್ಲಿ ಯಾರಿಗೂ ಓದಲು ಬರುವುದಿಲ್ಲವೆಂದು ನೀನು ಎಲ್ಲ ಪತ್ರ ನನ್ನ ಹಾಸ್ಟೆಲ್ ವಿಳಾಸಕ್ಕೆ ಹಾಕುತ್ತೀ, ನಾನು ರವಿವಾರ ರಬಕವಿಗೆ ಹೋಗಿ ಓದಿ ಹೇಳುತ್ತೇನೆ. ಅದು ಸರಿ. ಎಮರ್ಜೆನ್ಸಿ ಬಂದಾಗಿನಿಂದ ನಮ್ಮ ರೆಕ್ಟರ್ ಸಾಹೇಬರು ಹಾಸ್ಟೆಲ್ಲಿಗೆ ಬರುವ, ಹಾಸ್ಟೆಲ್ಲಿನಿಂದ ಹೋಗುವ ಪ್ರತಿ ಪತ್ರವನ್ನು ಒಡೆದು ಓದಿಯೇ ಬಿಡುತ್ತಾರೆಂದು ದಸರೆಗೆ ನಿನಗೆ ಹೇಳಿದ್ದೆ. ನೀನು ಹುಷಾರಾಗಿರಲಿ ಎಂದು ಹೇಳಿದ್ದೆ. ನೀನು ಮಾಡಿದ್ದೇನು? ಇನ್‌ಲ್ಯಾಂಡಿನ ಅಂಟು ಹಚ್ಚುವ ಮಡಿಕೆಯ ಮೇಲೆ ದಪ್ಪ ಅಕ್ಷರದಲ್ಲಿ ‘ಓದಿ ಆದ ಮ್ಯಾಲೆ ನಮ್ಮ ತಮ್ಮಗ ಕೊಡ್ರಿ ಸಾಹೇಬ್ರ, ಮರೀಬ್ಯಾಡ್ರಿ’ ಎಂದು ಬರೆದು ಕಳಿಸಿದೆಯಲ್ಲ! ನಿನಗೆ ಅದು ಚೇಷ್ಟೆ. ರೆಕ್ಟರ್ ಸಾಹೇಬರಿಗೆ ಮುಖದ ಮೇಲೆ ಹೊಡೆದಂತಾಯಿತು. ಒಳಗಾದರೂ ನಾಲ್ಕು ಸಾಲು ಕ್ಷೇಮ ಸಮಾಚಾರ ಇತ್ತೇ? ಇಲ್ಲ. ‘ಕೆಂ ೬ – ೬, ಕ ೨ – ೨’ ಎಂದು ಆರು ಸಾಲು ಬರೀ ಅಂಕಿ, ಕೆಳಗೆ ನಿನ್ನ ಸಹಿ. ಅವ್ವ ಇಲ್ಲದಿದ್ದರೂ ಅವಳ ಮದುವೆ ಸೀರೆಯ ಅಂಚಿನ ದಡಿಯೇ ಸುಂದರಕ್ಕನ ಸೀರೆಗೂ ಬರಬೇಕೆಂದು ಅತ್ತಿ ಹಟ ಹಿಡಿದದ್ದು, ಜೀರ್ಣವಾದ ಆ ಸೀರೆಯನ್ನು ನೀನು ಸೋಲಾಪುರಕ್ಕೆ ಒಯ್ದು ಭೂತಗನ್ನಡಿ ಹಿಡಿದು ಎಳೆ ಎಣಿಸಿದ್ದು ಅವರಿಗೆ ಹೇಗೆ ಗೊತ್ತಾಗಬೇಕು? ಹೋದ ತಿಂಗಳು ಯಾರೋ ಕಾಲೇಜಿನ ಕಂಪೌಂಡಿಗೆ ಸರಕಾರದ ವಿರುದ್ಧ ಕರಪತ್ರ ಅಂಟಿಸಿ ಹೋಗಿದ್ದರು. ಆ ಹೆದರಿಕೆಗೆ ರೆಕ್ಟರ್ ಸಾಹೇಬರು ನಿನ್ನ ಪತ್ರವನ್ನು ಸೀದಾ ಠಾಣೆಗೆ ಕಳಿಸಿದರು.

ಶುಕ್ರವಾರ ಮಧ್ಯಾಹ್ನ ನನ್ನನ್ನು ಕರೆಸಿದರು. ಫೌಜದಾರ ಸಾಹೇಬರು ಬೈಯಲಿಲ್ಲ, ಹೊಡೆಯಲಿಲ್ಲ, ಚಹಾ ತರಿಸಿಕೊಟ್ಟರು. ನನಗೆ ಅದರಿಂದಲೇ ಹೆಚ್ಚು ಹೆದರಿಕೆಯಾಯಿತು. ಪತ್ರ ಮುಂದಿಟ್ಟು ಇದೇನು ಎಂದು ಕೇಳಿದರು. ಸೀರೆಯ ದಡಿ ಎನ್ನಬೇಕಿತ್ತು, ಅಷ್ಟೇ. ಆದರೆ ಅಣ್ಣಾ, ಐದನೇ ಇಯತ್ತೆಯಿಂದ ಹಾಸ್ಟೆಲ್ಲಿನಲ್ಲಿ ಬೆಳೆದ ನನಗೆ ಮನೆಯ ದಡಿ ಓದಲು ಬರುವುದಿಲ್ಲ. ನೇಕಾರನ ಮಗ ಅಂತೀ, ಓದಿ ತೋರಿಸು ಎಂದರೆ ಏನು ಮಾಡಲಿ ಎಂದು ಹೆದರಿ, ಹೆದರಿದಾಗ ಬರುವ ಇಂಗ್ಲಿಷಿನಲ್ಲಿ ‘ಸರ್, ದಿಸ್ ಈಸ್ ಮ್ಯಾಥಮ್ಯಾಟಿಕ್ಸ್’ ಎಂದುಬಿಟ್ಟೆ. ‘ಹಂಗಾರ ಬಿಡಿಸಿ ತೋರಸು’ ಎಂದು ಪೆನ್ಸಿಲ್ ಕೊಟ್ಟರು. ಹದಿನೈದು ನಿಮಿಷ ಆ ಆರು ಸಾಲು ನೋಡುತ್ತ ಬೆವರಿದೆ. ನಾನು ಗಣಿತವಲ್ಲ, ಬಿ.ಎ. ಓದುವ ಹುಡುಗನೆಂದು ಅವರ ಮುಂದಿನ ಕಾಗದದಲ್ಲೇ ಬರೆದಿತ್ತು. ಆ ಒಂದು ಸುಳ್ಳಿನಿಂದ ಅವ್ವನ ದಡಿ ಗುಪ್ತ ಸಂದೇಶವಾಯಿತು.

ಆಗ ಬಾಗಿಲ ಹತ್ತಿರ ನಿಂತಿದ್ದ ಹವಾಲ್ದಾರ ಬಸಗೊಂಡಪ್ಪನವರು ಬಗ್ಗಿ ನೋಡಿದರು. ಅವರು ಬನಹಟ್ಟಿಯವರು, ಅವರ ಮನೆಯಲ್ಲೂ ಮಗ್ಗವಿದೆ. ‘ಇದು ದಡಿ ಎಳಿ ಐತಲ್ರಿ ಸಾಹೇಬ್ರ. ನಮ್ಮವ್ವ ಹಾಸು ಮಾಡೂ ಮುಂದ ಹಿಂಗ ಗುಣಗತಿದ್ಲು’ ಎಂದು ಹಾಡಿನಂತೆ ಓದತೊಡಗಿದರು. ಕೆಂಪು ಆರು, ಕರಿ ಎರಡು, ದಡಿಯ ನಡುವಿನಿಂದ ಈ ಕಡೆ ಎಷ್ಟೋ ಆ ಕಡೆಯೂ ಅಷ್ಟೇ. ನನಗೆ ಜೀವ ಬಂತು. ಐದನೆಯ ಸಾಲಿಗೆ ಬಂದು ನಿಂತುಬಿಟ್ಟರು. ‘ಇಲ್ಲಿ ಕೂಡಂಗಿಲ್ಲ ನೋಡ್ರಿ. ಹಳದಿ ಈ ಕಡೆ ಹದಿನಾಕು, ಆ ಕಡೆ ಹನ್ನೊಂದು. ನಮ್ಮ ಕಡೆ ನೇಕಾರ ನಿದ್ದಿಗಣ್ಣಾಗೂ ಇಂಥಾ ತಪ್ಪು ಮಾಡಂಗಿಲ್ಲ’ ಎಂದರು. ಪಾಪ, ನನಗೆ ನೆರವಾಗಲೆಂದೇ ಓದಿದವರು. ಫೌಜದಾರರು ಆ ಎರಡು ಅಂಕಿಗಳ ಸುತ್ತ ಕೆಂಪು ಪೆನ್ಸಿಲ್ಲಿನಿಂದ ಗುಂಡು ಗೆರೆ ಎಳೆದು, ಬರುವ ತಿಂಗಳು ಹದಿನಾಲ್ಕನೇ ತಾರೀಖು ಹನ್ನೊಂದು ಗಂಟೆಗೆ ಎಲ್ಲಿ ಕೂಡುತ್ತೀರಿ ಎಂದು ಕೇಳಿದರು. ನಿನ್ನ ಖೋಲಿಯಲ್ಲೇ ಇದ್ದ ಯೂನಿಯನ್ನಿನವನನ್ನು ಪೊಲೀಸರು ಒಯ್ದ ಸಂಗತಿ ನೀನು ದಸರೆಯಲ್ಲಿ ಅತ್ತಿಯ ಕಿವಿಗೆ ಬೀಳದಂತೆ ನನಗೊಬ್ಬನಿಗೇ ಹೇಳಿದ್ದು ಆ ಹೊತ್ತಿಗೇ ನೆನಪಾಗಬೇಕೇ? ಅದನ್ನು ನಾನು ಬಾಯಿ ಬಿಡಲಿಲ್ಲ. ಆದರೆ ಮುಖ ಬಿಟ್ಟಿತೋ ಏನೋ, ತಿಳಿಯದು.

ಫೌಜದಾರರದು ಒಂದೇ ಮಾತು. ‘ಏನೂ ತಪ್ಪು ಮಾಡದಾಂವಗ ಮುಚ್ಚಿಡೂದು ಏನಿರತೈತಿ?’ ಪೊಲಿಟಿಕಲ್ ಸೈನ್ಸ್ ಪುಸ್ತಕದಲ್ಲಿ ಇದಕ್ಕೆ ಉತ್ತರ ಇರಬಹುದು. ಮೂಲಭೂತ ಹಕ್ಕುಗಳ ಪಾಠವನ್ನು ಈ ವರ್ಷ ಪರೀಕ್ಷೆಗೆ ಬರುವುದಿಲ್ಲವೆಂದು ನಮ್ಮ ಲೆಕ್ಚರರ್ ಹಾರಿಸಿಬಿಟ್ಟಿದ್ದಾರೆ. ರೆಕ್ಟರ್ ಸಾಹೇಬರನ್ನಾದರೂ ಕೆಟ್ಟವರೆಂದು ಬೈದು ಹಗುರಾಗೋಣವೆಂದರೆ ಅದಕ್ಕೂ ಆಸ್ಪದವಿಲ್ಲ. ಮರಳಿ ಬಂದ ಮೇಲೆ ನನ್ನನ್ನು ಕೂರಿಸಿಕೊಂಡು, ಬಿಳಗಿ ಕಡೆಯ ಒಬ್ಬ ಹುಡುಗ ಪರೀಕ್ಷೆಯಲ್ಲಿ ನಪಾಸಾಗಿ ‘ನನ್ನ ಹಾದಿ ನೋಡಬೇಡಿರಿ’ ಎಂದು ಮನೆಗೆ ಬರೆದಿದ್ದನ್ನು ತಾವು ಒಡೆದು ಓದಿದ್ದಕ್ಕೇ ಅವನು ಹಾಸ್ಟೆಲ್ಲಿನ ಬಾವಿಗೆ ಬೀಳುವುದು ತಪ್ಪಿತು ಎಂದರು. ಆ ಹುಡುಗ ಈಗ ನನ್ನ ಪಕ್ಕದ ಖೋಲಿಯಲ್ಲೇ ಇದ್ದಾನೆ, ದಿನಾ ಬೆಳಿಗ್ಗೆ ಹಾಡುತ್ತ ಹಲ್ಲು ತಿಕ್ಕುತ್ತಾನೆ. ಅವನನ್ನು ನೋಡಿದಾಗೆಲ್ಲ ನನ್ನ ವಾದ ಅರ್ಧಕ್ಕೇ ನಿಲ್ಲುತ್ತದೆ. ಅವನನ್ನು ಉಳಿಸಿದ ಕೈಯೇ ನಿನ್ನ ಪತ್ರವನ್ನು ಠಾಣೆಗೆ ಕಳಿಸಿತಲ್ಲ, ಇದನ್ನು ಎಲ್ಲಿ ಇಟ್ಟು ತೂಗಲಿ?

ಫೌಜದಾರರು ಮೂಲ ಪತ್ರ ಇಟ್ಟುಕೊಂಡು ನನಗೆ ನಕಲು ಮಾಡಿಕೊಳ್ಳಲು ಬಿಟ್ಟರು. ಇನ್ನೊಂದು ನಕಲನ್ನು ಬಸಗೊಂಡಪ್ಪನವರು ಮಾಡಿಕೊಂಡರು! ದಡಿ ಬಹಳ ಛಲೋ ಐತಿ, ನಮ್ಮ ಮನೆಯಲ್ಲೂ ಈ ವರ್ಷ ಮದುವೆ ಇದೆ ಎಂದು ಟೊಪ್ಪಿಗೆಯೊಳಗೆ ಮಡಚಿಟ್ಟರು. ಬೇಡವೆನ್ನುವ ಧೈರ್ಯ ನನಗೆಲ್ಲಿ?

ರವಿವಾರ ಮನೆಯಲ್ಲಿ ಇದನ್ನೆಲ್ಲ ಹೇಳಿದೆ, ನಿನ್ನ ಖೋಲಿಯವನ ಸಂಗತಿಯೊಂದನ್ನು ಬಿಟ್ಟು. ಅತ್ತಿ ಪೊಲೀಸರ ಮಾತಿಗೆ ಹೆದರಲಿಲ್ಲ. ನಾಲ್ಕು ಗಂಡಸರ ನಡುವೆ ಠಾಣೆಯಲ್ಲಿ ದಡಿಯನ್ನು ಗಟ್ಟಿಯಾಗಿ ಓದಿದರೆಂಬುದಕ್ಕೆ ಮಗ್ಗಕ್ಕೆ ಅಣಿಮಾಡುತ್ತಿದ್ದ ಹಾಸಿನ ಉದ್ದೆಳೆ ಕೈಬಿಟ್ಟು ಕೂತಳು. ನಿನಗೆ ನೆನಪಿರಬೇಕು, ಓಣಿಯ ಹೆಂಗಸರು ಬಂದರೆ ಅವ್ವ ಹಾಸಿನ ಮೇಲೆ ಅರಿವೆ ಎಳೆಯುತ್ತಿದ್ದಳಂತೆ; ಎಳೆಯ ಲೆಕ್ಕವನ್ನು ಸ್ವಂತ ತಂಗಿಗೂ ಹೇಳಿರಲಿಲ್ಲವಂತೆ. ಫೌಜದಾರರ ಮಾತನ್ನು ನಾನು ಅತ್ತಿಯ ಮುಂದೆ ಹಾಗೆಯೇ ಹೇಳಿದೆ. ಅವಳು ನನ್ನನ್ನೇ ಫೌಜದಾರ ಮಾಡಿ ಕೇಳಿದಳು. ‘ನಿಮ್ಮವ್ವ ತಾಯವ್ವ ಏನು ಕಳುವು ಮಾಡಿದ್ಲಂತ ದಡಿ ಮುಚ್ಚತಿದ್ಲೋ? ನಂದು ಅಂತ ಮುಚ್ಚತಿದ್ಲು.’

ಹಾಸು ಈಗ ಐದನೆಯ ಸಾಲಿಗೆ ನಿಂತಿದೆ. ಹದಿನಾಲ್ಕು ಹಾಕಲೋ ಹನ್ನೊಂದು ಹಾಕಲೋ ಅತ್ತಿಗೂ ಗೊತ್ತಿಲ್ಲ, ಅವ್ವನ ಸೀರೆ ನಿನ್ನ ಹತ್ತಿರವಿದೆ. ಮದುವೆ ಫೆಬ್ರುವರಿ ಇಪ್ಪತ್ತೆರಡಕ್ಕೆ. ಅಪ್ಪನ ಕೈ ನೋಡಿದರೆ ಮುಂದಿನ ವಾರವಾದರೂ ಹಾಸು ಮಗ್ಗಕ್ಕೆ ಏರಬೇಕು. ಸುಂದರಕ್ಕ ಬೇರೆ ಸೀರೆಯಾದರೂ ನಡೆಯುತ್ತದೆ ಎಂದಳು, ಎಂದವಳು ಒಳಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ.

ಅತ್ತಿ ಮತ್ತು ಅಪ್ಪ ನಿನಗೆ ಆಶೀರ್ವಾದ ಹೇಳಿದ್ದಾರೆ. ಸುಂದರಕ್ಕ ಕೆಮ್ಮಿಗೆ ಜ್ಯೇಷ್ಠಮಧು ಕಳಿಸಿದ್ದಾಳೆ, ಆದಿನಾಥಣ್ಣನ ಕಡೆಯಿಂದ ಮರೆಯದೆ ಇಸಿದುಕೋ. ಓದಿದ ಮೇಲೆ ಈ ಪತ್ರವನ್ನು ಒಲೆಗೆ ಹಾಕು.

ನಿನ್ನ ತಮ್ಮ,
ಗಂಗಾರಾಮ

ತಾ.ಕ.: ಆದಿನಾಥಣ್ಣ ಗಂಟು ಕಟ್ಟುತ್ತಿದ್ದಾರೆ, ಅವಸರದಲ್ಲಿ ಬರೆಯುತ್ತೇನೆ. ಠಾಣೆಯಲ್ಲಿ ನಿನ್ನ ಸೋಲಾಪುರದ ವಿಳಾಸ ಕೇಳಿದರು, ಕೊಟ್ಟೆ. ಇನ್ನು ಮುಂದೆ ನಿನ್ನ ಪ್ರತಿ ಪತ್ರವನ್ನು ಅವರಿಗೆ ತೋರಿಸುತ್ತೇನೆಂದು ಬರೆಸಿಕೊಂಡರು, ಇಂಗ್ಲಿಷಿನಲ್ಲಿ ಸಹಿ ಮಾಡಿದೆ. ಅಂದಿನಿಂದ ನಿನ್ನ ಹಳೆಯ ಪತ್ರಗಳನ್ನು ತೆಗೆದು ಅವುಗಳಲ್ಲಿಯ ಅಂಕಿಗಳಿಗೆ ಬೇರೆ ಅರ್ಥವಿದೆಯೇ ಎಂದು ನಾನೇ ಹುಡುಕುತ್ತಿದ್ದೇನೆ, ನಾಚಿಕೆಯಾಗುತ್ತದೆ. ನೀನು ಒಂದು ಕಾರ್ಡ್ ಹಾಕು, ಅಂಚೆಯಲ್ಲೇ ಹಾಕು, ಅವರೂ ಓದಲಿ. ಚೇಷ್ಟೆ ಬೇಡ, ಕ್ಷೇಮ ಸಮಾಚಾರವೂ ಬೇಡ, ಐದನೆಯ ಸಾಲು ಮಾತ್ರ ಬರೆ. ಅದು ಕೈತಪ್ಪಾಗಿದ್ದರೆ ಸರಿಯಾದ ಲೆಕ್ಕ ಬರೆ. ಕೈತಪ್ಪು ಅಲ್ಲದಿದ್ದರೂ ಸರಿಯಾದ ಲೆಕ್ಕವನ್ನೇ ಬರೆ. ಬೇಗ ಉತ್ತರ ಹಾಕು.