ಎರಡು ಬಂಡಿ ಎರೆಮಣ್ಣು

ಕಲಬುರ್ಗಿ. ೧೯೨೫, ಫೆಬ್ರುವರಿ ೯
ಬೆಳಿಗ್ಗೆ ಗಂಜಿನ ಪೇಟೆಯಲ್ಲಿ ತೊಗರಿ ತೂಕ, ಗದ್ದಲ. ಅಷ್ಟರಲ್ಲಿ ಕಮಲಾಪುರದಿಂದ ಬಂಡಿಯ ಇನಾಯತ್ ಬಂದ. ಸುದ್ದಿ ಚೆನ್ನಾಗಿಲ್ಲ. ಮಗಳು ಶಾರದಾಬಾಯಿಗೆ ಅವಳ ಮಾವ ಬಿಟ್ಟುಕೊಟ್ಟ ತುಂಡು ಹೊಲದಲ್ಲಿ ಬಾಳೆ ಒಣಗುತ್ತಿದೆಯಂತೆ. ಯುಗಾದಿಯೊಳಗೆ ಚೇತರಿಸದಿದ್ದರೆ ಹೊಲ ಅವಳ ಮೈದುನನಿಗೆ.
ಈ ಗುರುಲಿಂಗಪ್ಪನ ಮಗಳಿಂದ ಕಿತ್ತುಕೊಳ್ಳುವುದೆ! ನಾಳೆಯೇ ಹೊರಟೆ.

ಕಮಲಾಪುರ. ಫೆ. ೧೧
ನೋಡಿದೆ. ಕೆಂಪು ಮಣ್ಣು, ಇಳಿಜಾರು. ತವರಿನ ರೂಢಿಯಂತೆ ಒಮ್ಮೆ ತುಂಬ ನೀರುಣಿಸಿ ಸುಮ್ಮನಿದ್ದಾಳೆ. ನಮ್ಮ ತಾಜಸುಲ್ತಾನಪುರದ ಹೊಲದ ಕಪ್ಪು ಎರೆಗೆ ಅದು ಸರಿ — ಕುಡಿದದ್ದನ್ನು ಹೊಟ್ಟೆಯಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಇದು ಜರಡಿ.
"ದಿನಾ ನೀರು ಬಿಡಬೇಕ್ರಿ ಇಲ್ಲಿ," ಎಂದರು ಬೀಗರು ಮಹಾದೇವಪ್ಪ.
"ಅಷ್ಟು ನೀರು ಬಾವ್ಯಾಗ ಎಲ್ಲದಪ್ಪಾ?" ಮಗಳು ನನ್ನ ಕಿವಿಯಲ್ಲಿ.
ರೇಗಿತು. "ಮಣ್ಣ ಬದಲಿ ಮಾಡೂಣು ಬಿಡ್ರಿ, ಬೀಗರ," ಎಂದುಬಿಟ್ಟೆ.

ಕಲಬುರ್ಗಿ. ಫೆ. ೧೫
ಎರಡು ಬಂಡಿ ಎರೆ ತುಂಬಿಸಿದೆ. ಹೆಂಡತಿ ಕಸ್ತೂರಿಬಾಯಿಗೆ ಸಿಟ್ಟು. "ಮಗಳಿಗಿ ಮಣ್ಣು ಕೊಡಾಕ ಹೊಂಟೀನಿ ಅಂತ ಊರಾಗ ಹೇಳಬ್ಯಾಡ್ರಿ! ಸತ್ತವರಿಗಿ ಮಣ್ಣು ಕೊಡ್ತಾರ."
ಸರಿ. "ಉಡಿ ತುಂಬಾಕ" ಎಂದೆ. ನಕ್ಕಳು.

ಕಮಲಾಪುರ. ಮಾರ್ಚ್ ೪
ಮಾನ ಹೋಯಿತು. ಎರೆಯನ್ನು ಬಾಳೆಯ ಬುಡದ ಮೇಲೆಲ್ಲ ಹೊದಿಸಿ ಹೋಗಿದ್ದೆ. ನೀರು ಕುಡಿದು ಉಬ್ಬಿತು, ಬಾಯಿ ಮುಚ್ಚಿಕೊಂಡಿತು. ಆಮೇಲೆ ಬಿಟ್ಟ ನೀರೆಲ್ಲ ಮೇಲೆಯೇ ಹರಿದು ಕೆಳಗಿನವರ ಬದನೆ ಹೊಲಕ್ಕೆ. ಅಡಿಯಲ್ಲಿ ಬೇರು ಒಣ ಒಣ.
"ನಿಮ್ಮ ಎರಿ ಮಂದಿ ಬದನಿಕಾಯಿಗಿ ಚಲೋ ನೀರು ಉಣಸ್ತು ಬಿಡ್ರಿ," ಬೀಗರು.
ಮಗಳು ಅಳುತ್ತಿರಬೇಕು ಎಂದುಕೊಂಡೆ. ಎಲ್ಲಿಯ ಅಳು! ಸಲಿಕೆ ಹಿಡಿದು ನಿಂತಿದ್ದಳು. ಎರೆಯನ್ನು ಒಡೆದು, ಕೆಂಪು ಮಣ್ಣಿಗೆ ಬೆರೆಸಿ, ಹಳೆಯ ತಿಪ್ಪೆಗೊಬ್ಬರ, ಒಣಗಿದ ಬಾಳೆ ಎಲೆ...
"ಹೊದಸೂದಲ್ಲಪ್ಪಾ, ಕಲಸೂದು. ನೀ ಜರಾ ಅತ್ತ ಸರಿ."
ಸರಿದೆ. ನನಗೆ ಅತ್ತ ಸರಿ ಎಂದವರು ಇದುವರೆಗೆ ಯಾರೂ ಇರಲಿಲ್ಲ.

ಕಮಲಾಪುರ. ಮಾರ್ಚ್ ೨೫, ಯುಗಾದಿ
ಬಾಳೆ ಸುಳಿ ಬಿಟ್ಟಿದೆ! ನೀರು ಬಿಟ್ಟು ನಾಲ್ಕು ದಿನವಾಗಿತ್ತು, ಮಣ್ಣಿಗೆ ಬೆರಳಿಳಿಸಿದರೆ ತಣ್ಣಗೆ. ಹಿಡಿಯಲ್ಲಿ ಹಿಡಿದರೆ ಉಂಡೆ, ಒತ್ತಿದರೆ ಹರಳು ಹರಳಾಗಿ ಒಡೆಯುತ್ತದೆ. ನೀರು ಇಳಿಯಲು ಸಂದಿಯೂ ಉಂಟು, ನಿಲ್ಲಲು ಜಾಗವೂ ಉಂಟು. ಎರೆ ಯಾವುದು, ಕೆಂಪು ಯಾವುದು, ನನಗೇ ಗೊತ್ತಾಗಲಿಲ್ಲ.
ಬೇವು-ಬೆಲ್ಲ ಆದಮೇಲೆ ಮಹಾದೇವಪ್ಪ ಎಲ್ಲರೆದುರು ಕಿರಿಯ ಮಗನಿಗೆ, "ಆ ಹೊಲ ನಿಮ್ಮ ವೈನೀದೇ. ನಿನ್ನ ಹೊಲಕ್ಕೂ ಹಿಂಗ ಮಾಡೂದು ಆಕಿ ಕಡಿಂದ ಕಲಿ," ಎಂದರು. ಮಗಳು ಸೆರಗು ಸರಿಪಡಿಸಿಕೊಂಡು ಒಳಗೆ ಹೋದಳು. ನನಗೆ ಕುಣಿಯಬೇಕೆನಿಸಿತು.
ಪಂಕ್ತಿಯಲ್ಲಿ ಕುಳಿತ ಮುದುಕನೊಬ್ಬ, "ತಾವು ಯಾರ್ರಿ?" ಎಂದ. ಗಂಜಿನಲ್ಲಿ ನನ್ನ ಹೆಸರಿಗೆ ತೂಕವಿದೆ. ಆದರೂ ಬಾಯಿಗೆ ಬಂದದ್ದು, "ಶಾರದಾಬಾಯಿ ಅಪ್ಪ ರೀ."
ಆತ ಎದ್ದು ಕೈ ಮುಗಿದ. ಈ ಜನ್ಮದಲ್ಲಿ ನನಗೆ ಸಂದ ಶರಣುಗಳಲ್ಲೆಲ್ಲ ಇದೇ ಹೆಚ್ಚು ತೂಕದ್ದು.