ಇಪ್ಪತ್ತನಾಲ್ಕು ಅಡಿ ಎತ್ತರದ ಬಗ್ಗೆ ನನ್ನ ತಕರಾರು

ಪಾರಂಪರಿಕ ಕಟ್ಟಡಗಳ ಅನುಮತಿಗೆ ಸಹಿ ಹಾಕುವ ಮಾನ್ಯರೇ,

ಕಲಾವಿದರ ಕೇರಿಯ ಹಳೇ ಗೋದಾಮಿನ ಮೇಲಂತಸ್ತಿನಲ್ಲಿರುವ ಐಷಾರಾಮಿ ಮನೆಗೆ, ನೆಲಕ್ಕೂ ಸೂರಿಗೂ ನಡುವೆ ಇನ್ನೊಂದು ಅಂತಸ್ತು ಹಾಕಿಕೊಳ್ಳಲು ನೀವು ಅನುಮತಿ ಕೊಡಲು ಹೊರಟಿದ್ದೀರಿ. ತಕರಾರಿದ್ದವರು ಹದಿನೈದು ದಿನದೊಳಗೆ ಬರೆದು ತಿಳಿಸಬೇಕೆಂದು ಗೇಟಿಗೆ ಚೀಟಿ ಅಂಟಿಸಿದ್ದೀರಿ. ನನಗೆ ತಕರಾರಿದೆ. ಆ ಜಾಗದಲ್ಲಿ ನಾನೂ ನನ್ನ ಅಣ್ಣನೂ ಹತ್ತೊಂಬತ್ತು ವರ್ಷ ನಾಟಕದ ಪರದೆ ಬರೆದಿದ್ದೇವೆ. ಇಪ್ಪತ್ತಡಿಯ ಪರದೆಯನ್ನು ತೊಲೆಗೆ ಕಟ್ಟಿ ಪೂರ್ತಿ ಇಳಿಬಿಟ್ಟು, ಹಿಂದಕ್ಕೆ ಸರಿದು ನೋಡಿ, ಮತ್ತೆ ಏಣಿ ಹತ್ತುವ ಕೆಲಸ ಅದು. ಇಪ್ಪತ್ತನಾಲ್ಕು ಅಡಿ ಎತ್ತರ ಬೇಕಾಗುವುದು ಅದಕ್ಕೇ. ನಿಮ್ಮ ಕಡತದಲ್ಲಿ ಮಾತ್ರ ‘ಸದರಿ ಎತ್ತರಕ್ಕೆ ಯಾವುದೇ ಬಳಕೆ ಕಂಡುಬಂದಿರುವುದಿಲ್ಲ’ ಎಂದಿದೆ. ಕತ್ತೆತ್ತಿ ನೋಡಿದ ಮಹನೀಯರು ಯಾರೆಂದು ತಿಳಿಯಬಹುದೇ?

ಇಂಥ ಪತ್ರ ಬರೆಯುವವರು ಸಾರ್ವಜನಿಕ ಹಿತ ಎಂದು ಶುರು ಮಾಡುತ್ತಾರೆ. ನಾನು ಹಾಗೆ ಹೇಳಿದರೆ ನನ್ನ ಅಣ್ಣ ನಕ್ಕುಬಿಡುತ್ತಾನೆ. ನನಗಿರುವುದು ಹೊಟ್ಟೆಕಿಚ್ಚು. ಸಾರ್ವಜನಿಕ ಹಿತ ಅದರ ಜೊತೆಗೆ ಒಂದಿಷ್ಟು ಇದ್ದರೂ ಇರಬಹುದು.

ಐದು ವರ್ಷದ ಹಿಂದೆ ನಮಗೆ ನೋಟಿಸು ಕೊಟ್ಟವರು ನೀವೇ. ಬಣ್ಣ ಚೆಲ್ಲಿ ಐತಿಹಾಸಿಕ ಮರದ ನೆಲಕ್ಕೆ ಧಕ್ಕೆಯಾಗುತ್ತಿದೆ, ಖಾಲಿ ಮಾಡಿ ಎಂದಿರಿ. ಮಾಡಿದೆವು. ಆಮೇಲೆ ಗೋದಾಮಿನ ಮಾಲೀಕರು ಅದೇ ನೆಲಕ್ಕೆ, ಚೆಲ್ಲಿದ ಬಣ್ಣವನ್ನೂ ಸೇರಿಸಿ, ಪಾಲಿಶ್ ಹಾಕಿ, ‘ಬಣ್ಣದ ಕುರುಹುಗಳಿರುವ ಅಪ್ಪಟ ನೆಲ’ ಎಂದು ಬಣ್ಣದ ಪುಸ್ತಿಕೆಯಲ್ಲಿ ಅಚ್ಚು ಮಾಡಿಸಿ ಲಾಫ್ಟ್ ಮನೆ ಎಂದು ಮಾರಿದರು. ನಮ್ಮ ಮನೆಗಳಲ್ಲಿ ಲಾಫ್ಟ್ ಎಂದರೆ ಹಳೇ ಪಾತ್ರೆ ತುರುಕುವ ಜಾಗ. ಇರಲಿ. ನಾಲ್ಕು ಹನಿ ಬಣ್ಣದಿಂದ ಕೆಡುವ ಪರಂಪರೆ, ಗೋಡೆ ಕೊರೆದು ಕಬ್ಬಿಣದ ತೊಲೆ ಹೊಡೆದರೆ ಕೆಡುವುದಿಲ್ಲವೇ? ಅಥವಾ ಪರಂಪರೆಗೂ ಯಾರು ಮುಟ್ಟಿದರು ಎನ್ನುವುದು ಮುಖ್ಯವೇ?

ಹೋದ ತಿಂಗಳು ಆ ಮನೆಯಾಕೆ ಕೇರಿಯವರನ್ನೆಲ್ಲ ಮನೆ ನೋಡಲು ಕರೆದಳು. ಇದ್ದುದರಲ್ಲಿ ಒಳ್ಳೆಯ ಬಟ್ಟೆ ಹಾಕಿಕೊಂಡು, ಏನಾದರೂ ಹುಳುಕು ಹಿಡಿಯಲೇಬೇಕೆಂದು ಹೋದೆ. ನಾವು ಕೈ ಎಟುಕುವಷ್ಟೇ ಒರೆಸುತ್ತಿದ್ದ ಉತ್ತರದ ಕಿಟಕಿಗಳು ತುದಿಯವರೆಗೂ ಹೊಳೆಯುತ್ತಿದ್ದವು. ಬಣ್ಣಕ್ಕೆ ಬೆರೆಸುವ ಅಂಟನ್ನು ನಾವು ಕಾಯಿಸುತ್ತಿದ್ದ ಒಲೆಯ ಮೂಲೆಯಲ್ಲಿ ಬಿಳಿಯ ಸ್ನಾನದ ತೊಟ್ಟಿ. ಪರದೆ ಕಟ್ಟುತ್ತಿದ್ದ ತೊಲೆಗೆ ಒಂದು ಬೆತ್ತದ ಉಯ್ಯಾಲೆ. ಯಾರೂ ನೋಡದಾಗ ಕೂತು ನೋಡಿದೆ. ಬೆಳಗಿನ ಹತ್ತು ಗಂಟೆಯ ಬೆಳಕು ತೊಡೆಯ ಮೇಲೆ ಬಿದ್ದಿತ್ತು. ಎಷ್ಟು ಸುಖವಾಗಿತ್ತೆಂದರೆ ನನಗೆ ಅಳು ಬಂತು.

“ಅಕ್ಕ, ಈ ನೀಲಿ ನಿಮ್ಮದೇ ಅಂತೆ. ಅಳಿಸೋಕೆ ಯಾರಿಗೂ ಬಿಡಲಿಲ್ಲ ನಾನು,” ಎಂದು ಆಕೆ ನೆಲ ತೋರಿಸಿದಳು.

“ಅದು ಸಮುದ್ರದ ಪರದೇದು. ಡಬ್ಬ ಉರುಳಿತ್ತು,” ಎಂದೆ.

“ತುಂಬಾ ಚೆನ್ನಾಗಿದೆ. ಆದ್ರೆ ಇಷ್ಟು ಎತ್ತರ ಇಟ್ಕೊಂಡು ಏನು ಮಾಡೋದು ಹೇಳಿ. ಬಲ್ಬ್ ಹೋದ್ರೆ ಬದಲಾಯಿಸೋಕೂ ಆಗಲ್ಲ.”

ಆಕೆಯ ಮಾತಿನಲ್ಲಿ ವ್ಯಂಗ್ಯವಿಲ್ಲ, ಜಂಬವಿಲ್ಲ. ಮನೆಗೆ ಬಂದಾಗ ಅಣ್ಣ ಕೇಳಿದ, “ಹೇಗಿತ್ತೇ?”

“ಒಂದು ತಪ್ಪೂ ಸಿಗಲಿಲ್ಲಣ್ಣ.”

“ಅದಕ್ಕೇ ಮುಖ ಹೀಗಾಗಿದೆ.”

ಈಗ ನಾವಿರುವುದು ಟೈರಿನ ಅಂಗಡಿಯ ಹಿಂದೆ, ಹನ್ನೊಂದು ಅಡಿ ಎತ್ತರದ ಕೋಣೆಯಲ್ಲಿ. ಪರದೆಯ ಕೆಳಭಾಗವನ್ನು ಕೋಲಿಗೆ ಸುತ್ತಿ ಮೇಲಿನರ್ಧ ಬರೆಯುತ್ತೇವೆ. ಒಣಗಿದ ಮೇಲೆ ಅದನ್ನು ಸುತ್ತಿ ಕೆಳಗಿನರ್ಧ. ಪೂರ್ತಿ ಪರದೆಯನ್ನು ನಾವು ಮೊದಲ ಸಲ ನೋಡುವುದು ರಂಗದ ಮೇಲೆ, ಜನರ ಜೊತೆಗೆ. ಹಿಂದಿನ ಸಲ ಕಾಡಿನ ಪರದೆ ಇಳಿದಾಗ ಮರದ ಕಾಂಡಗಳೆಲ್ಲ ಒಂದು ಕಡೆ, ಕೊಂಬೆಗಳೆಲ್ಲ ಒಂದು ಗೇಣು ಪಕ್ಕಕ್ಕೆ. ಸುತ್ತುವಾಗ ಬಟ್ಟೆ ಜರುಗಿತ್ತು. ಮಗು ಕಳೆದುಕೊಂಡ ತಾಯಿ ರಂಗದ ಮೇಲೆ ಗೋಳಾಡುತ್ತಿದ್ದಳು, ಸಭೆ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು. ಅಣ್ಣ ಎದ್ದು ಹೊರಗೆ ಹೋದ. ರಂಗಮಂದಿರದ ವ್ಯವಸ್ಥಾಪಕರು ಸಜ್ಜನರು, ಮೆಲ್ಲಗೇ ಹೇಳಿದರು: “ಇನ್ನೊಂದು ಸಲ ಹೀಗಾದ್ರೆ ಪ್ರಿಂಟ್ ಮಾಡಿಸ್ಕೋತೀವಿ. ಬೇಜಾರು ಮಾಡ್ಕೋಬೇಡಿ.” ಪರದೆ ಬರೆಸುವ ರಂಗಮಂದಿರ ಈಗ ಅದೊಂದೇ. ನಮ್ಮ ಕೈಯಲ್ಲಿರುವುದು ಬಂದರಿನ ಪರದೆ. ಮೂವತ್ತೇಳು ಹಡಗುಗಳ ಹಾಯಿಕಂಬಗಳು, ಒಂದೊಂದೂ ಕೆಳಗಿನಿಂದ ಮೇಲಿನವರೆಗೆ. ಅವು ನಡುವೆ ಮುರಿದು ಕಂಡರೆ ನಮ್ಮ ಕಸುಬು ಅಲ್ಲಿಗೆ ಮುಗಿಯಿತು.

ಒಂದು ಮಾತು ಇಷ್ಟು ಹೊತ್ತು ಮುಚ್ಚಿಟ್ಟಿದ್ದೆ. ಅವತ್ತು ಬಾಗಿಲವರೆಗೆ ಬಂದು ಆಕೆ ಹೇಳಿದಳು, “ಅಕ್ಕ, ಜಾಗದ ತೊಂದರೆ ಇದ್ರೆ ಇಲ್ಲೇ ಬಂದು ಪರದೆ ಹಾಕ್ಕೊಳ್ಳಿ. ಬೀಗದ ಕೈ ಕೊಡ್ತೀನಿ.” ನಾನೇನೆಂದೆ ಗೊತ್ತೇ? “ಬೇಡ ಬಿಡಿ, ನಮ್ಮ ಹೊಸ ಜಾಗ ಇದಕ್ಕಿಂತ ದೊಡ್ಡದಿದೆ.” ನಾನು ಹೂಂ ಎಂದಿದ್ದರೆ ಆಕೆ ನಡು ಅಂತಸ್ತಿನ ಯೋಚನೆಯನ್ನೇ ಬಿಡುತ್ತಿದ್ದಳೋ ಏನೋ. ಅಣ್ಣನಿಗೆ ಇದನ್ನು ಹೇಳಿದ್ದು ಗೇಟಿನ ಚೀಟಿ ನೋಡಿದ ಮೇಲೆ. ಎರಡು ದಿನ ತನ್ನ ಊಟವನ್ನು ತಾನೇ ಬಡಿಸಿಕೊಂಡ. ಮೂರನೆಯ ದಿನ, “ಈಗಲಾದ್ರೂ ಹೋಗಿ ಕೇಳು,” ಎಂದ. ಹೋದೆ. ಮೆಟ್ಟಿಲ ತಿರುವಿನವರೆಗೆ ಹತ್ತಿ ಇಳಿದು ಬಂದೆ.

ಆದ್ದರಿಂದ ನಿಮ್ಮನ್ನು ಕೇಳುತ್ತಿದ್ದೇನೆ. ಅನುಮತಿ ನಿರಾಕರಿಸಿ. ನಿರಾಕರಿಸುವುದಿಲ್ಲ ಎಂಬುದು ನನಗೂ ಗೊತ್ತು. ಹಾಗಿದ್ದರೆ ಒಂದು ಷರತ್ತು ಸೇರಿಸಿ. ಉತ್ತರದ ಕಿಟಕಿಗಳ ಕಡೆಯ ಅರ್ಧವನ್ನು ಮುಟ್ಟಕೂಡದು. ತಿಂಗಳಿಗೆ ನಾಲ್ಕು ದಿನ ಅಲ್ಲಿ ಪರದೆ ಕಟ್ಟುವ ಹಕ್ಕು ಪರದೆ ಬರೆಯುವವರಿಗೆ ಇರತಕ್ಕದ್ದು. ಬರವಣಿಗೆಯಲ್ಲಿ ಬೇಕು, ನಿಮ್ಮ ಗುಂಡು ಮೊಹರಿನ ಸಮೇತ. ಆ ಕಾಗದ ಕೈಯಲ್ಲಿದ್ದರೆ ನಾನು ಉಳಿದ ಮೆಟ್ಟಿಲನ್ನೂ ಹತ್ತಿಯೇನು. ಅವಳು ಪ್ರೀತಿಯಿಂದ ಕೊಟ್ಟದ್ದನ್ನು ತೆಗೆದುಕೊಳ್ಳುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನೀವು ಬೇಸರದಿಂದ ಬರೆದುಕೊಟ್ಟರೂ ಸಾಕು.

ಇಂತಿ,
ನಿಮ್ಮ ಕಡತದಲ್ಲಿ ‘ಹಿಂದಿನ ಬಾಡಿಗೆದಾರರು’ ಎಂದಷ್ಟೇ ಉಳಿದಿರುವ
ಪರದೆ ಬರೆಯುವಾಕೆ