ಡೆವಲಪ್‌ಮೆಂಟಿನಲ್ಲಿ ಪಳಗಿದ ಕೈ

ಮಾರ್ಚ್ ೧೧, ಬುಧವಾರ

ಪ್ರೀತಿಯ ಕಡ್ಡಿ,

ನಾನು ಕ್ಷೇಮ. ಹೆಡ್ ಆಫೀಸಿನ ಹೊಸ ಕುರ್ಚಿಯಲ್ಲಿ ನೀನೂ ಆರಾಮಾಗಿದ್ದೀ ಎಂದುಕೊಂಡಿದ್ದೇನೆ. ನಿನ್ನ ಕಾಗದ ಬಂದು ತಿಂಗಳಾಯಿತು, ಇವಳಿಗೆ ಎರಡು ಸಾಲು ಗೀಚುವುದಕ್ಕೂ ಪುರುಸೊತ್ತಿಲ್ಲವೇ ಎಂದು ಬಯ್ದುಕೊಂಡಿರುತ್ತೀ. ಬಯ್ಯಿ, ಆದರೆ ಸರದಿಯಲ್ಲಿ ಬಾ. ನನ್ನನ್ನು ಬಯ್ಯುವವರು ಈ ಮನೆಯಲ್ಲೇ ನಿನಗಿಂತ ಮುಂದೆ ನಿಂತಿದ್ದಾರೆ.

ಅಂತರರಾಷ್ಟ್ರೀಯ ಅಭಿವೃದ್ಧಿಯ ಎಂ.ಎ.ಗೆ ಅರ್ಜಿ ಹಾಕುವುದೆಂದರೆ ಇಷ್ಟು ತಲೆಚಿಟ್ಟು ಹಿಡಿಸುವ ಕೆಲಸವೆಂದು ಗೊತ್ತಿದ್ದರೆ, ಸ್ಟುಡಿಯೋದಲ್ಲೇ ಪಾಸ್‌ಪೋರ್ಟ್ ಫೋಟೋ ಕತ್ತರಿಸಿಕೊಂಡು ಇದ್ದುಬಿಡುತ್ತಿದ್ದೆ. ‘ವೃತ್ತಿ ಏಕೆ ಬದಲಿಸಿದಿರಿ?’ ಎಂದು ಪುಟಗಟ್ಟಲೆ ಬರೆಯಬೇಕಂತೆ. ಪುಟಗಟ್ಟಲೆ ಏನಿದೆ? ಸ್ಟುಡಿಯೋಗೆ ಜನ ಬರುವುದು ನಿಂತಿತು, ನೀನು ನಿಮ್ಮ ಕುಡಿಯುವ ನೀರಿನ ಸಂಸ್ಥೆಗೆ ಕರೆದೆ, ನಾನು ಬಂದೆ. ಬಂದಮೇಲೆ ನಲ್ಲಿಯ ಮುಂದೆ ಬಕೆಟ್ ಹಿಡಿದು ನಿಂತವರ ಜೊತೆ ಮಾತಾಡುವುದು, ನೀರು ಎಲ್ಲಿ ನಿಂತುಹೋಯಿತೆಂದು ಬೆನ್ನು ಹತ್ತುವುದು ನನಗೆ ಹಿಡಿಸಿಬಿಟ್ಟಿತು. ಯಾವ ಬೀದಿಗೆ ಪೈಪು, ಯಾವ ಬೀದಿಗೆ ಬರೀ ಭರವಸೆ ಎಂದು ತೀರ್ಮಾನಿಸುವ ಕೋಣೆಯೊಳಗೆ ನನಗೂ ಒಂದು ಕುರ್ಚಿ ಬೇಕು. ಆ ಡಿಗ್ರಿ ಇಲ್ಲದೆ ಕುರ್ಚಿ ಇಲ್ಲ. ಇಷ್ಟೇ ಕಥೆ. ಇದನ್ನೇ ಬರೆದು ಮಗಳ ಕೈಗೆ ಕೊಟ್ಟರೆ, ಓದಿ, “ಅಮ್ಮಾ, ಇದು ಪ್ರಬಂಧ ಅಲ್ಲ, ನಲ್ಲಿ ರಿಪೇರಿಗೆ ಕೊಟ್ಟ ಅರ್ಜಿ ಥರ ಇದೆ” ಅಂದಳು.

ಇವರಂತೂ ಮನೆಗೆ ಬಂದವರಿಗೆಲ್ಲ ಸಾರುತ್ತಿದ್ದಾರೆ. “ಮಗಳ ಕಾಲೇಜು, ಇವಳ ಕಾಲೇಜು ಒಟ್ಟಿಗೇ ಶುರು. ಇಬ್ಬರಿಗೂ ಊಟದ ಡಬ್ಬಿ ಕಟ್ಟೋನು ನಾನೇ ನೋಡಿ!” ಈ ಮನುಷ್ಯ ಇವತ್ತಿನವರೆಗೆ ಒಂದು ಡಬ್ಬಿಯ ಮುಚ್ಚಳ ಹಾಕಿದವರಲ್ಲ. ಬಂದವರು ನಗುತ್ತಾರೆ, ನಾನು ಒಳಗೆ ಹೋಗಿ ಪಾತ್ರೆ ಕುಕ್ಕುತ್ತೇನೆ.

ಇದೆಲ್ಲ ಸಹಿಸಬಹುದು. ಎರಡು ಶಿಫಾರಸು ಪತ್ರ ಬೇಕಲ್ಲ, ಅದರಲ್ಲಿ ಮೊದಲನೆಯದರ ಪ್ರಸಂಗ ಕೇಳು. ಹಳೆಯ ಕೆಲಸದವರದ್ದು ಒಂದಿರಲೇಬೇಕು ಎಂದಿದ್ದರಿಂದ ಸ್ಟುಡಿಯೋ ಯಜಮಾನರ ಹತ್ತಿರ ಹೋದೆ. ಸ್ಟುಡಿಯೋದ ಅರ್ಧ ಜಾಗದಲ್ಲಿ ಈಗ ಮೊಬೈಲ್ ಕವರ್ ನೇತಾಡುತ್ತಿವೆ. ನನ್ನನ್ನು ಕಂಡು ತಾವೇ ಸ್ಟೂಲು ಒರೆಸಿ ಕೂರಿಸಿದರು.

“ಯಾವ ಕೋರ್ಸಮ್ಮಾ?”

“ಇಂಟರ್‌ನ್ಯಾಷನಲ್ ಡೆವಲಪ್‌ಮೆಂಟ್, ಯಜಮಾನ್ರೇ.”

ಅವರ ಮುಖ ಅರಳಿಬಿಟ್ಟಿತು. “ಡೆವಲಪ್‌ಮೆಂಟಿಗೆ ಈಗ್ಲೂ ಕಾಲೇಜಿದ್ಯಾ? ಆ ಕೆಲ್ಸ ಸತ್ತೇ ಹೋಯ್ತು ಅಂದ್ಕೊಂಡಿದ್ದೆ!”

ತಮಾಷೆ ಮಾಡುತ್ತಿದ್ದಾರೆ ಎಂದು ನಾನೂ ನಕ್ಕೆ. ನಗದೆ ಬಿಡಿಸಿ ಹೇಳಬೇಕಿತ್ತು. ಮೂರನೆಯ ದಿನ ಫೋನ್ ಮಾಡಿ, “ಯೂನಿವರ್ಸಿಟಿಗೇ ಕಳ್ಸಿಬಿಟ್ಟೆ, ಕೇಳಿಸ್ಕೋ” ಎಂದು ಓದಿದರು: “ಈಕೆ ನಮ್ಮ ಡಾರ್ಕ್ ರೂಮಿನಲ್ಲಿ ವರ್ಷಗಟ್ಟಲೆ ಡೆವಲಪ್‌ಮೆಂಟ್ ಮಾಡಿದ್ದಾರೆ. ಕಪ್ಪು ಬಿಳುಪು, ಕಲರ್ ಎರಡರಲ್ಲೂ ಪಳಗಿದ ಕೈ. ಇವರ ಕೈಯಲ್ಲಿ ಯಾರ ಮದುವೆಯ ರೀಲೂ ಹಾಳಾಗಿಲ್ಲ. ಇಂಟರ್‌ನ್ಯಾಷನಲ್ ಮಟ್ಟಕ್ಕೂ ಸೈ.”

“ಅಯ್ಯೋ ಯಜಮಾನ್ರೇ, ಇದು ಫೋಟೋ ಅಲ್ಲ, ಜನರ ಅಭಿವೃದ್ಧಿ!”

“ನೀನು ತೊಳೀತಿದ್ದಿದ್ದೂ ಜನರ ಫೋಟೋನೇ ಅಲ್ವೇನಮ್ಮಾ? ಮರಗಿಡದ್ದಾ?”

ಒಮ್ಮೆ ಕಳಿಸಿದ್ದನ್ನು ವಾಪಸು ಪಡೆಯುವ ಹಾಗಿಲ್ಲ. ಇವರು ಕೇಳಿ ಸೋಫಾದ ಮೇಲೆ ಉರುಳಾಡಿ ನಕ್ಕರು. ನನಗೆ ಮೈಯೆಲ್ಲ ಉರಿಯಿತು. ಆದರೂ ನಿನ್ನೊಬ್ಬಳಿಗೇ ಹೇಳುತ್ತೇನೆ, ಆಮೇಲೆ ಬಚ್ಚಲಿಗೆ ಹೋಗಿ ಅತ್ತೆ. ನನ್ನ ಕೆಲಸದ ಬಗ್ಗೆ ಯಾರೂ ಇಷ್ಟು ಮನಸಾರೆ ಹೊಗಳಿರಲಿಲ್ಲ.

ಅರ್ಜಿಗೆ ತಿಂಗಳ ಕೊನೆಯವರೆಗೆ ಗಡುವಿದೆ. ಪ್ರಬಂಧವನ್ನು ಮಗಳು ತಿದ್ದುತ್ತಿದ್ದಾಳೆ, ಅಂದರೆ ನನ್ನ ವಾಕ್ಯಗಳನ್ನು ಒಂದೊಂದಾಗಿ ತೆಗೆಯುತ್ತಿದ್ದಾಳೆ.

ಅಮ್ಮನ ಮೊಣಕಾಲು ಈಗ ಹೇಗಿದೆ? ಮೆಟ್ಟಿಲು ಹತ್ತಬೇಡಿ ಎಂದು ನಾನು ಗದರಿದೆನೆಂದು ಹೇಳು. ಪುಟ್ಟನಿಗೆ ಪರೀಕ್ಷೆ ಚೆನ್ನಾಗಿ ಆಗಲಿ, ಅವನ ತಲೆ ಸವರಿ ನನ್ನ ಆಶೀರ್ವಾದ ತಿಳಿಸು. ಹೊಸ ಜಾಗದಲ್ಲಿ ನಿನಗೂ ಒಳ್ಳೆಯದಾಗಲಿ.

ಇಂತಿ ನಿನ್ನ,
ಬಟಾಣಿ

ತಾ.ಕ.: ಇದು ಮರೆತು ಬಿಟ್ಟದ್ದಲ್ಲ, ಬರೆಯಲು ಕೈ ಬಾರದೆ ಉಳಿದದ್ದು. ಎರಡನೆಯ ಶಿಫಾರಸು ನಿನ್ನದು. “ಅರ್ಜಿ ಹಾಕೇ, ನಾನಿಲ್ವಾ?” ಅಂದವಳೂ ನೀನೇ. ಸೋಮವಾರ ಕಂಪ್ಯೂಟರಿನಲ್ಲಿ ನನ್ನ ಅರ್ಜಿ ತೆರೆದು ನೋಡಿದರೆ ನಿನ್ನ ಹೆಸರಿನ ಮುಂದೆ ‘ಬರೆಯಲು ನಿರಾಕರಿಸಿದ್ದಾರೆ’ ಎಂದಿತ್ತು. ಕೈತಪ್ಪಿ ಏನೋ ಒತ್ತಿರುತ್ತೀ ಎಂದುಕೊಂಡು ಯೂನಿವರ್ಸಿಟಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗಿ, “ಕೈತಪ್ಪಿ ಆಗಲ್ಲ ಮೇಡಂ. ‘ಖಂಡಿತವಾಗಿಯೂ?’ ಅಂತ ಇನ್ನೊಂದ್ಸಲ ಕೇಳುತ್ತೆ, ಅದಕ್ಕೂ ಹೌದು ಅಂದ್ರೇನೇ ಹೋಗೋದು” ಅಂದಳು. ಸೀಟು ಸಿಗದಿದ್ದರೆ ಹೋಗಲಿ. ನಾನು ಇದಕ್ಕೆ ಲಾಯಕ್ಕಿಲ್ಲ ಎಂದು ನಿನಗೆ ಯಾವಾಗ ಅನ್ನಿಸಿತು ಕಣೇ? ಅದೊಂದನ್ನು ಬರಿ.